ಹೊಟ್ಟೆಯೊಳಗಿನ ಬಿಸಿ: ಚೀನೀ ವೈದ್ಯರು ಕೇಳಿದ ಪ್ರಶ್ನೆಗಳು

ನಮ್ಮ ಕನ್ನಡದಲ್ಲಿ ಹೊಟ್ಟೆಗೂ ಬೆಂಕಿಗೂ ಬಿಡದ ನಂಟು. ಹಸಿದರೆ ಹೊಟ್ಟೆ ಚುರುಗುಟ್ಟುತ್ತದೆ. ಖಾರ ಹೆಚ್ಚಾದರೆ ಉರಿಯುತ್ತದೆ. ಮಕ್ಕಳ ಕಷ್ಟ ಕೇಳಿದರೆ ತಾಯಿಯ ಹೊಟ್ಟೆಗೆ ಬೆಂಕಿ ಬೀಳುತ್ತದೆ. ನೆರೆಮನೆಯವರ ಏಳಿಗೆ ನೋಡಲಾರದವನಿಗೆ ಹೊಟ್ಟೆಕಿಚ್ಚು. ಇನ್ನು ನಿಜವಾಗಿಯೇ ಹೊಟ್ಟೆ ಉರಿದಾಗ ನಾವು ಮಾಡುವುದೇನು? "ಉಷ್ಣ ಆಗಿದೆ" ಎನ್ನುತ್ತೇವೆ. ಕಾಸರಗೋಡಿನ ಮನೆಯಲ್ಲಿ ಪುನರ್ಪುಳಿ ಶರಬತ್ತು, ಸೊಲ್ಲಾಪುರದ ಕಡೆ ಮಜ್ಜಿಗೆ, ಮಡಕಶಿರಾ ಕಡೆ ರಾಗಿ ಅಂಬಲಿ, ಗೋವೆಯಲ್ಲಿ ಸೋಲಕಡಿ. ಕಾಯಿಲೆಯ ಹೆಸರು, ಅದರ ಕಾರಣ, ಅದರ ಔಷಧಿ ಮೂರೂ ಆ ಒಂದು ಮಾತಿನಲ್ಲೇ ಮುಗಿದುಹೋಗುತ್ತವೆ.

ಇದೇ ಬಿಸಿಯನ್ನು ಕುರಿತು ಎರಡು ಸಾವಿರ ವರ್ಷಗಳಷ್ಟು ಕಾಲ ಬರೆದವರು ಚೀನಾ ದೇಶದ ವೈದ್ಯರು. ಇಂದು ಚೀನೀ ಗಿಡಮೂಲಿಕೆ, ಸೂಜಿ ಚಿಕಿತ್ಸೆ, ಉಸಿರಾಟದ ವ್ಯಾಯಾಮ ಇವೆಲ್ಲ ನಮ್ಮ ಊರುಗಳಿಗೂ ಬಂದಿವೆ. ಹೊಟ್ಟೆಯ ಬಿಸಿಯ ಬಗ್ಗೆ ಅವರು ನಿಜವಾಗಿ ಏನು ಹೇಳಿದರು, ಅದರಲ್ಲಿ ನಮ್ಮ ಕುಟುಂಬಗಳು ತಿಳಿದಿರಬೇಕಾದದ್ದು ಯಾವುದು, ಎಚ್ಚರವಾಗಿರಬೇಕಾದದ್ದು ಎಲ್ಲಿ ಎಂಬುದನ್ನು ಇಲ್ಲಿ ನೋಡೋಣ.

ಒಲೆ, ಪಾತ್ರೆ, ನೀರು

ಚೀನೀ ವೈದ್ಯಪದ್ಧತಿ ಮನುಷ್ಯನ ಮುಂಡವನ್ನು ಮೂರು ಒಲೆಗಳಾಗಿ ಕಾಣುತ್ತದೆ. ಎದೆಯಲ್ಲೊಂದು, ಹೊಕ್ಕುಳಿನ ಮೇಲೊಂದು, ಕೆಳಗೊಂದು. ನಡುವಿನ ಒಲೆ ಜಠರದ್ದು. ಅನ್ನ ಬೇಯುವುದು ಅಲ್ಲಿ. ಬೆಂಕಿ ಹೆಚ್ಚಾದರೆ ಪಾತ್ರೆ ಸೀಯುತ್ತದೆ, ಕಡಿಮೆಯಾದರೆ ಅನ್ನ ಬೇಯುವುದಿಲ್ಲ. ನಮ್ಮ ಆಯುರ್ವೇದದ ಜಠರಾಗ್ನಿಯ ಮಾತು ಕೇಳಿದವರಿಗೆ ಇದು ಹೊಸತಲ್ಲ. ಇದನ್ನು ಶರೀರಶಾಸ್ತ್ರವೆಂದು ತಿಳಿಯದೆ, ನೋವನ್ನು ಗುರುತಿಸಲು ಮಾಡಿಕೊಂಡ ಹೋಲಿಕೆಯೆಂದು ತಿಳಿದರೆ ಸಾಕು.

ರೋಗಿ "ಹೊಟ್ಟೆ ಉರಿಯುತ್ತದೆ" ಎಂದ ಕೂಡಲೇ ಈ ವೈದ್ಯರು ತಂಪಿನ ಕಷಾಯ ಕೊಡುತ್ತಿರಲಿಲ್ಲ. ಮೊದಲು ಕೇಳುತ್ತಿದ್ದರು. ಬಾಯಾರಿಕೆ ಇದೆಯೋ? ತಣ್ಣೀರು ಬೇಕೆನ್ನಿಸುತ್ತದೋ, ಬಿಸಿನೀರೋ? ಹೊಟ್ಟೆ ಒತ್ತಿದರೆ ಹಿತವೋ, ನೋವೋ? ಉಂಡ ಮೇಲೆ ಉರಿಯೋ, ಹಸಿದಾಗಲೋ? ಮಲ ಗಟ್ಟಿಯೋ, ಸಡಿಲವೋ? ಉರಿಯ ಜೊತೆ ತಣ್ಣೀರಿನ ದಾಹ, ಎಷ್ಟು ತಿಂದರೂ ಹಸಿವು, ಬಾಯಿಯ ದುರ್ವಾಸನೆ, ಊದಿದ ವಸಡು, ಮಲಬದ್ಧತೆ, ಕೆಂಪು ನಾಲಿಗೆಯ ಮೇಲೆ ಹಳದಿ ಪದರ ಇದ್ದರೆ ಅದು ಜಠರದ ತುಂಬು ಬಿಸಿ. ಉರಿ ಮಂದವಾಗಿದ್ದು, ಹಸಿವಾದರೂ ಊಟ ಬೇಡವಾಗಿ, ಬಾಯಿ ಒಣಗಿ, ನಾಲಿಗೆ ಪದರವಿಲ್ಲದೆ ಕೆಂಪಗಿದ್ದರೆ ಬೇರೆಯೇ ಲೆಕ್ಕ. ಅಲ್ಲಿ ಬೆಂಕಿ ಹೆಚ್ಚಿಲ್ಲ, ಪಾತ್ರೆಯ ನೀರು ಬತ್ತಿದೆ. ಒಲೆಯನ್ನು ಆರಿಸುವ ಕಹಿ ಮದ್ದು ಕೊಟ್ಟರೆ ರೋಗಿ ಇನ್ನೂ ಸೊರಗುತ್ತಾನೆ. ಕೊಡಬೇಕಾದದ್ದು ತೇವ ತುಂಬುವ ಮದ್ದು.

ಈ ನಾಲಿಗೆ ಮತ್ತು ನಾಡಿಯ ಲೆಕ್ಕವನ್ನು ಯೂರೋಪಿಗೆ ಮೊದಲು ಮುಟ್ಟಿಸಿದವರಲ್ಲಿ ಯೇಸುಸಭೆಯ ಗುರುವೊಬ್ಬರಿದ್ದರು ಎಂಬುದು ನಮಗೆ ಸಂತೋಷದ ವಿಷಯ. ಪೋಲೆಂಡಿನ ಫಾದರ್ ಮಿಖಾಯಿಲ್ ಬೋಯಿಮ್ 17ನೇ ಶತಮಾನದಲ್ಲಿ ಚೀನಾದಲ್ಲಿ ಸೇವೆ ಮಾಡಿದವರು. ಮಿಂಗ್ ರಾಜಮನೆತನದ ಪತ್ರಗಳನ್ನು ವಿಶ್ವಗುರುಗಳಿಗೆ ತಲುಪಿಸಲು ಹೊರಟ ಅವರು 1651ರಲ್ಲಿ ಗೋವೆಗೆ ಬಂದರು. ಪೋರ್ಚುಗೀಸರು ಅವರನ್ನು ಮುಂದೆ ಹೋಗಗೊಡಲಿಲ್ಲ. ಆ ವರ್ಷದ ಡಿಸೆಂಬರಿನಲ್ಲಿ ಅವರು ಚೀನೀ ಸಂಗಾತಿಯೊಬ್ಬನ ಜೊತೆ ಗೋವೆಯಿಂದ ತಪ್ಪಿಸಿಕೊಂಡು ಕಾಲ್ನಡಿಗೆಯಲ್ಲಿ ಹೊರಟು, ಹೈದರಾಬಾದ್, ಸೂರತ್ ಮಾರ್ಗವಾಗಿ ಪರ್ಶಿಯಾ ಸೇರಿದರು. ಗೋವೆಯಿಂದ ಹೈದರಾಬಾದಿಗೆ ನಡೆದು ಹೋಗುವವರು ಯಾವ ನೆಲ ದಾಟಬೇಕು ಎಂಬುದು ನಮ್ಮ ಓದುಗರಿಗೆ ಹೇಳಬೇಕಾಗಿಲ್ಲ. ಚೀನಾಕ್ಕೆ ಹಿಂದಿರುಗಿದ ಅವರು 1659ರಲ್ಲಿ ಅಲ್ಲೇ ತೀರಿಕೊಂಡರು. ಚೀನೀ ವೈದ್ಯದ ಬಗ್ಗೆ ಅವರು ಸಿದ್ಧಪಡಿಸಿದ್ದ ಬರಹಗಳು 1682ರಲ್ಲಿ ಜರ್ಮನಿಯಲ್ಲಿ ಅಚ್ಚಾದಾಗ ಪುಸ್ತಕದ ಮೇಲೆ ಅವರ ಹೆಸರೇ ಇರಲಿಲ್ಲ. ಡಚ್ಚರ ಕಂಪನಿಯ ವೈದ್ಯ ಆಂಡ್ರಿಯಾಸ್ ಕ್ಲೇಯರನ ಹೆಸರಿತ್ತು.

ಕೈಫೆಂಗ್ ನಗರದಲ್ಲಿ ಕಂಡದ್ದು

ಹೊಟ್ಟೆಯ ಬಿಸಿಯ ವಿಷಯದಲ್ಲಿ ಚೀನೀ ವೈದ್ಯಕ್ಕೆ ದೊಡ್ಡ ಪಾಠ ಕಲಿಸಿದ್ದು ಒಂದು ಮುತ್ತಿಗೆ. 1232ರಲ್ಲಿ ಮಂಗೋಲರು ಜಿನ್ ರಾಜ್ಯದ ರಾಜಧಾನಿ ಕೈಫೆಂಗನ್ನು ಸುತ್ತುವರಿದರು. ಊರಿನೊಳಗೆ ಹಸಿವು, ಭಯ, ನಿದ್ದೆಯಿಲ್ಲದ ದುಡಿಮೆ. ಮುತ್ತಿಗೆ ಸಡಿಲವಾದ ಮೇಲೆ ಜನ ಜ್ವರ ಬಂದು ಸಾಯತೊಡಗಿದರು. ನಗರದ 12 ಬಾಗಿಲುಗಳಿಂದ ಸುಮಾರು 3 ತಿಂಗಳು ಪ್ರತಿದಿನ ಸಾವಿರಾರು ಶವಗಳು ಹೊರಗೆ ಹೋದವೆಂದು ಅಲ್ಲಿದ್ದ ವೈದ್ಯ ಲೀ ದೋಂಗ್‌ಯುವಾನ್ ಬರೆದಿಟ್ಟಿದ್ದಾರೆ.

ಮೈ ಸುಡುತ್ತಿದೆ, ಬಾಯಾರಿಕೆ ಇದೆ, ಒಳಗೆ ಉರಿ ಇದೆ. ಹೊರಗಿನ ರೋಗ ಒಳಹೊಕ್ಕಿದೆಯೆಂದು ಬಗೆದ ಇತರ ವೈದ್ಯರು ಬೆವರಿಸುವ ಮದ್ದು, ಭೇದಿ ಮಾಡಿಸುವ ಮದ್ದು ಕೊಟ್ಟರು. ರೋಗಿಗಳು ಇನ್ನೂ ಬೇಗ ಸತ್ತರು. ಲೀ ಅವರ ವಾದ ಬೇರೆಯಾಗಿತ್ತು. ತಿಂಗಳುಗಟ್ಟಲೆ ಹೊಟ್ಟೆಗಿಲ್ಲದೆ, ದುಡಿದು ದಣಿದು, ಮುತ್ತಿಗೆ ಮುಗಿದ ಕೂಡಲೇ ಸಿಕ್ಕಿದ್ದನ್ನು ಗಬಗಬ ತಿಂದವರ ಜಠರವೇ ಕುಸಿದಿದೆ. ಈ ಬಿಸಿ ಬಲದಿಂದ ಬಂದದ್ದಲ್ಲ, ನಿತ್ರಾಣದಿಂದ ಬಂದದ್ದು. ಇದಕ್ಕೆ ಬೇಕಾದದ್ದು ಸಿಹಿಯಾದ, ಬೆಚ್ಚಗಿನ, ಬಲ ತುಂಬುವ ಔಷಧಿ ಎಂದರು. ಜ್ವರದವನಿಗೆ ಬೆಚ್ಚಗಿನ ಮದ್ದು! ಆ ಕಾಲದವರಿಗೆ ಅದು ತಲೆಕೆಳಗಾದ ಮಾತಾಗಿ ಕೇಳಿಸಿರಬೇಕು. ಅವರು ಹೊಂದಿಸಿದ 8 ಮೂಲಿಕೆಗಳ ಕಷಾಯ ಇಂದಿಗೂ ಚೀನಾದಲ್ಲಿ ಬಳಕೆಯಲ್ಲಿದೆ. ಜಠರವನ್ನು ಕುರಿತು ಅವರು ಬರೆದ ಗ್ರಂಥ 1249ರದು.

ಕೈಫೆಂಗಿನ ಸಾವುಗಳಿಗೆ ಸಾಂಕ್ರಾಮಿಕ ರೋಗವೇ ಕಾರಣವಾಗಿರಬೇಕು ಎನ್ನುವ ವಿದ್ವಾಂಸರು ಇಂದು ಇದ್ದಾರೆ. ಅದು ಹಾಗೇ ಇರಬಹುದು. ಆದರೂ ಬಡವನ ಹೊಟ್ಟೆಯ ಉರಿಗೂ ಉಂಡು ಮಲಗುವವನ ಹೊಟ್ಟೆಯ ಉರಿಗೂ ಒಂದೇ ಮದ್ದು ಕೊಡಬಾರದು ಎಂದು 800 ವರ್ಷಗಳ ಹಿಂದೆ ಹೇಳಿದ ವೈದ್ಯನನ್ನು ನಾವು ಗೌರವಿಸುತ್ತೇವೆ. ಬೆಳಗಿನಿಂದ ಬರೀ ಚಹಾ ಕುಡಿದು ಕೂಲಿಗೆ ಹೋಗುವ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಇಲ್ಲವೇ?

ಲೀ ಅವರಿಗಿಂತ ಸುಮಾರು ಸಾವಿರ ವರ್ಷ ಹಿಂದಿನ ಝಾಂಗ್ ಝೊಂಗ್‌ಜಿಂಗ್ ಎಂಬ ವೈದ್ಯರು ಇನ್ನೊಂದು ಸೂಕ್ಷ್ಮ ಗುರುತಿಸಿದ್ದರು. ಒಂದೇ ಹೊಟ್ಟೆಯಲ್ಲಿ ಮೇಲೆ ಬಿಸಿ, ಕೆಳಗೆ ತಂಪು ಒಟ್ಟಿಗೆ ಇರಬಹುದು: ಮೇಲೆ ವಾಕರಿಕೆ, ಕೆಳಗೆ ಗುಡುಗುಡು ಸದ್ದು, ಭೇದಿ. ಅದಕ್ಕೆ ಅವರು ಬರೆದ 7 ಮೂಲಿಕೆಗಳ ಕಷಾಯದಲ್ಲಿ ಬಿಸಿಯಾದ ಒಣಶುಂಠಿಯೂ ಕಡುಕಹಿಯಾದ ಹುವಾಂಗ್‌ಲಿಯೆನ್ ಬೇರೂ ಒಟ್ಟಿಗೇ ಬೇಯುತ್ತವೆ. ಈ ಹಳದಿ ಬೇರಿನ ಕಹಿಯಲ್ಲಿರುವ ಬರ್ಬೆರಿನ್ ಎಂಬ ಅಂಶ ನಮ್ಮ ಪಶ್ಚಿಮಘಟ್ಟದ ಮರದರಿಶಿನದಲ್ಲೂ ಇದೆ. ತಮ್ಮ ಕುಲದ ಇನ್ನೂರಕ್ಕೂ ಹೆಚ್ಚು ಮಂದಿಯಲ್ಲಿ ಮೂರರಲ್ಲಿ ಎರಡು ಪಾಲು ಜನ ಹತ್ತು ವರ್ಷದೊಳಗೆ ತೀರಿಹೋದದ್ದನ್ನು ಕಂಡು ಝಾಂಗ್ ಅವರು ಗ್ರಂಥ ಬರೆಯಲು ಕುಳಿತರಂತೆ.

ಹೊಟ್ಟೆಕಿಚ್ಚಿನ ಮಾತು ಮೊದಲೇ ಬಂತು. ಕೋಪ, ನುಂಗಿಕೊಂಡ ಸಿಟ್ಟು ಯಕೃತ್ತಿನಲ್ಲಿ ಬೆಂಕಿಯಾಗಿ ಜಠರದ ಮೇಲೆ ಏರಿ ಬರುತ್ತದೆ, ಹುಳಿತೇಗು ತರುತ್ತದೆ ಎಂದು ಚೀನೀ ವೈದ್ಯರೂ ನಂಬಿದ್ದರು. 14ನೇ ಶತಮಾನದ ಝೂ ದಾನ್‌ಶಿ ಅವರ ಹೆಸರಿನಲ್ಲಿ ಬಂದಿರುವ ಗುಳಿಗೆಯಲ್ಲಿ 6 ಪಾಲು ಆ ಕಹಿ ಬೇರು, 1 ಪಾಲು ಬಿಸಿ ಗುಣದ ಕಾಯಿ. ಗಂಡಹೆಂಡಿರ ಜಗಳಕ್ಕೆ ಮಾತ್ರ ಯಾವ ಗುಳಿಗೆಯನ್ನೂ ಅವರು ಬರೆದಿಡಲಿಲ್ಲ!

ತಂಪಿನ ಗುಳಿಗೆ ತಂದ ಆಪತ್ತು

ವೈದ್ಯರ ಈ ಸೂಕ್ಷ್ಮ ಬೀದಿಗೆ ಇಳಿಯುವಾಗ ಉಳಿಯಲಿಲ್ಲ. ಇಂದು ಚೀನಾದ ಜನಸಾಮಾನ್ಯರ ಬಾಯಲ್ಲಿರುವ ಮಾತು "ಶಾಂಗ್‌ಹುವೋ", ಎಂದರೆ ಬೆಂಕಿ ಏರಿದೆ. ಬಾಯಿಹುಣ್ಣು, ಮೊಡವೆ, ಗಂಟಲುನೋವು, ಹೊಟ್ಟೆಯುರಿ ಎಲ್ಲಕ್ಕೂ ಅದೇ ಹೆಸರು, ನಮ್ಮ "ಉಷ್ಣ"ದ ಅಣ್ಣನೇ ಸರಿ. ಕರಿದ ತಿಂಡಿ, ಲಿಚಿ ಹಣ್ಣು ಬಿಸಿ. ಹೆಸರುಕಾಳಿನ ಗಂಜಿ, ಹಾಗಲಕಾಯಿ, ಸೇವಂತಿಗೆ ಹೂವಿನ ಚಹಾ ತಂಪು. ದಕ್ಷಿಣದ ಗುವಾಂಗ್‌ದೋಂಗ್ ಪ್ರಾಂತ್ಯದಲ್ಲಿ ಬೀದಿಬೀದಿಗೆ ಕಹಿ ಮೂಲಿಕೆಗಳ "ತಂಪು ಚಹಾ"ದ ಅಂಗಡಿಗಳಿವೆ. 2006ರಲ್ಲಿ ಅದು ಚೀನಾದ ರಾಷ್ಟ್ರೀಯ ಪರಂಪರೆಯ ಪಟ್ಟಿಗೂ ಸೇರಿತು. ಒಂದು ಲೋಟ ಕಹಿ ಚಹಾದಿಂದ ಸಾಮಾನ್ಯವಾಗಿ ಯಾರಿಗೂ ದೊಡ್ಡ ಹಾನಿಯಿಲ್ಲ.

ಗುಳಿಗೆಯ ಕಥೆ ಹಾಗಲ್ಲ. ಯಕೃತ್ತಿನ ಬೆಂಕಿ ಇಳಿಸಲೆಂದು ಚೀನಾದಲ್ಲಿ "ಲೋಂಗ್‌ದಾನ್ ಶಿಯೆಗಾನ್" ಎಂಬ ಗುಳಿಗೆ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತಿತ್ತು. ಬೆಂಕಿ ಏರಿದೆ ಎನ್ನಿಸಿದಾಗಲೆಲ್ಲ ಜನ ತಾವೇ ಕೊಂಡು ನುಂಗುತ್ತಿದ್ದರು, ಕೆಲವರು ವರ್ಷಗಟ್ಟಲೆ. ಹಳೆಯ ಪಾಕದಲ್ಲಿ ಇರಬೇಕಾಗಿದ್ದ ಒಂದು ಬಳ್ಳಿಯ ಬದಲು 20ನೇ ಶತಮಾನದಲ್ಲಿ ಗುವಾನ್‌ಮುತೋಂಗ್ ಎಂಬ ಬೇರೆ ಬಳ್ಳಿ ಸೇರಿಕೊಂಡಿತ್ತು. ಅದರಲ್ಲಿ ಅರಿಸ್ಟೋಲೋಕಿಕ್ ಆಮ್ಲವೆಂಬ ವಿಷವಿದೆ. ಅದು ಸದ್ದಿಲ್ಲದೆ ಮೂತ್ರಪಿಂಡಗಳನ್ನು ಒಣಗಿಸುತ್ತದೆ, ಮೂತ್ರಮಾರ್ಗದ ಕ್ಯಾನ್ಸರನ್ನೂ ತರುತ್ತದೆ. ಬಾಯಿಹುಣ್ಣಿಗೆಂದು ಗುಳಿಗೆ ನುಂಗಿದವರು ಕೊನೆಗೆ ಡಯಾಲಿಸಿಸ್ ಹಾಸಿಗೆ ಸೇರಿದರು. 2003ರಲ್ಲಿ ಚೀನಾ ಸರ್ಕಾರ ಆ ಬಳ್ಳಿಯನ್ನು ನಿಷೇಧಿಸಿತು.

ಇದು ದೂರದ ಸುದ್ದಿಯಲ್ಲ. ಅದೇ ಕುಲಕ್ಕೆ ಸೇರಿದ ಈಶ್ವರಿ ಬಳ್ಳಿ ನಮ್ಮ ಬೇಲಿಗಳಲ್ಲೂ ಬೆಳೆಯುತ್ತದೆ, ಹಳ್ಳಿಮದ್ದಿನಲ್ಲೂ ಸೇರುತ್ತದೆ. ಅದರಲ್ಲೂ ಆ ಆಮ್ಲವಿದೆ. ಗಿಡದ ಮದ್ದು, ಆದ್ದರಿಂದ ತೊಂದರೆಯಿಲ್ಲ ಎಂದು ಯಾರಾದರೂ ಹೇಳಿದರೆ ಯಾವ ಗಿಡ, ಎಷ್ಟು ದಿನ ಎಂದು ಕೇಳುವ ಹಕ್ಕು ನಮಗಿದೆ.

ಇನ್ನೊಂದು ಆಪತ್ತು, ನಿಜವಾದ ಕಾಯಿಲೆ ಮರೆಯಾಗುವುದು. ಹೊಟ್ಟೆಯ ಹುಣ್ಣಿಗೆ ಖಾರ ಮತ್ತು ಚಿಂತೆಯೇ ಕಾರಣ ಎಂದು ಪಶ್ಚಿಮದ ವೈದ್ಯರೂ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಪರ್ತ್ ನಗರದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ 1982ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ರೋಗಾಣುವನ್ನು ಬೆಳೆಸಿ ತೋರಿಸಿದರು. ಯಾರೂ ನಂಬದಿದ್ದಾಗ ಮಾರ್ಷಲ್ 1984ರಲ್ಲಿ ಆ ರೋಗಾಣುವನ್ನು ತಾವೇ ಕುಡಿದು ಜಠರದ ಉರಿಯೂತ ತಂದುಕೊಂಡರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಈ ರೋಗಾಣು ವರ್ಷಗಳ ಕಾಲ ಉಳಿದರೆ ಕೆಲವರಲ್ಲಿ ಜಠರದ ಕ್ಯಾನ್ಸರಿಗೆ ದಾರಿಯಾಗುತ್ತದೆ. ಆದರೆ ಅದನ್ನು ಪರೀಕ್ಷೆಯಿಂದ ಕಂಡುಹಿಡಿಯಬಹುದು. ಸಾಮಾನ್ಯವಾಗಿ ಎರಡು ವಾರದ ಮಾತ್ರೆಗಳಿಂದ ಹೋಗಲಾಡಿಸಬಹುದು. ಹುಣ್ಣಿಗೆ ಇನ್ನೊಂದು ದೊಡ್ಡ ಕಾರಣ, ಮೊಣಕಾಲುನೋವಿಗೆ, ಬೆನ್ನುನೋವಿಗೆ ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಗಳು. ನಮ್ಮ ಅಜ್ಜ ಅಜ್ಜಿಯರ ಮಾತ್ರೆ ಡಬ್ಬಿಯನ್ನು ಒಮ್ಮೆ ತೆರೆದು ನೋಡಿ.

ಮಜ್ಜಿಗೆ ಕುಡಿದು ಕಾಯಬಾರದ ಉರಿ ಯಾವುದು? ಮಲ ಡಾಂಬರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥದ್ದು ಕಂಡರೆ, ಅನ್ನ ಗಂಟಲಲ್ಲಿ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಇಳಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಮೇಲುಹೊಟ್ಟೆಯ ಉರಿಯ ಜೊತೆ ತಣ್ಣನೆಯ ಬೆವರು, ಏದುಸಿರು, ದವಡೆಗೋ ತೋಳಿಗೋ ಹರಡುವ ನೋವು ಇದ್ದರೆ ಅದು ಹೃದಯಾಘಾತವಾಗಿರಬಹುದು. ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಹೀಗೆ ಬರುವುದುಂಟು. "ಗ್ಯಾಸ್ ಇರಬೇಕು" ಎಂದು ಸೋಡಾ ಕುಡಿಸಿ ಕಳೆದ ಒಂದು ಗಂಟೆ ಮತ್ತೆ ಸಿಗುವುದಿಲ್ಲ. ತಪಸ್ಸುಕಾಲದ ಉಪವಾಸದ ಬಗ್ಗೆಯೂ ಒಂದು ಮಾತು: ರೋಗಿಗಳಿಗೆ ಉಪವಾಸದ ಕಟ್ಟಳೆ ಇಲ್ಲ. ಹುಣ್ಣಿಗೆ ಮಾತ್ರೆ ತೆಗೆದುಕೊಳ್ಳುವವರು ಗುರುಗಳನ್ನೂ ವೈದ್ಯರನ್ನೂ ಕೇಳಿ ಬೇರೆ ತ್ಯಾಗ ಆರಿಸಿಕೊಳ್ಳಬಹುದು.

ಬೇಕೆಂದು ತಂದುಕೊಳ್ಳುವ ಬಿಸಿ

ಇಲ್ಲಿಯವರೆಗೆ ಹೇಳಿದ್ದು ಬೇಡದ ಬಿಸಿ. ಚೀನಾದಲ್ಲಿ ಹೊಟ್ಟೆಯ ಬಿಸಿಯನ್ನು ಬಯಸಿ ಪಡೆಯುವ ಪದ್ಧತಿಯೂ ಇದೆ. ಹೊಟ್ಟೆ ತಣ್ಣಗಾಗಿ ನೋಯುವವರಿಗೆ ಹೊಕ್ಕುಳಿನಲ್ಲಿ ಉಪ್ಪು ತುಂಬಿ, ಅದರ ಮೇಲೆ ಒಣಗಿಸಿದ ಮೂಲಿಕೆಯ ಉಂಡೆಯನ್ನು ಹೊಗೆಯಾಡಿಸಿ ಶಾಖ ಕೊಡುತ್ತಾರೆ. ಆ ಮೂಲಿಕೆ ನಮ್ಮ ಮಾಚಿಪತ್ರೆಯ ಬಳಗದ್ದು. ನೀಲಗಿರಿಯ ಹೆಸರನ್ನೇ ಹೊತ್ತ ಜಾತಿಯೂ ಆ ಬಳಗದಲ್ಲಿದೆ.

ಹೊಕ್ಕುಳಿನಿಂದ ಮೂರು ನಾಲ್ಕು ಬೆರಳು ಕೆಳಗಿನ ಜಾಗಕ್ಕೆ ಅವರು "ದಾನ್‌ತಿಯೆನ್" ಎನ್ನುತ್ತಾರೆ, ಇಂಗಳೀಕದ ಹೊಲ ಎಂದು ಅರ್ಥ. ದಾವೋ ಮತದ ಸಾಧಕರು ಉಸಿರನ್ನೂ ಮನಸ್ಸನ್ನೂ ಅಲ್ಲಿ ನಿಲ್ಲಿಸಿ ಕುಳಿತಾಗ ಆ ಜಾಗ ಬೆಚ್ಚಗಾಗುತ್ತದೆ. ಸಾಧನೆ ಸರಿಯಾಗಿದೆ ಎನ್ನಲು ಅದೊಂದು ಗುರುತು. 1947ರಲ್ಲಿ ಲ್ಯೂ ಗುಯಿಝೆನ್ ಎಂಬ ಕಮ್ಯುನಿಸ್ಟ್ ಕಾರ್ಯಕರ್ತ ಹೊಟ್ಟೆಹುಣ್ಣಿನಿಂದ ಸೊರಗಿ ಊರಿಗೆ ಮರಳಿದರು. ಅಲ್ಲಿ ಹಿರಿಯರೊಬ್ಬರಿಂದ ಇಂಥ ಉಸಿರಾಟದ ಅಭ್ಯಾಸ ಕಲಿತು ಚೇತರಿಸಿಕೊಂಡರು. ಪಕ್ಷ ಅದನ್ನು ಮೆಚ್ಚಿತು. ಧರ್ಮದ ಮಾತುಗಳನ್ನು ತೆಗೆದುಹಾಕಿ "ಚಿಗೋಂಗ್" ಎಂಬ ಹೆಸರಿನಲ್ಲಿ ಅದನ್ನು ಚಿಕಿತ್ಸೆಯಾಗಿ ರೂಪಿಸಿದರು. ಬೇಯ್‌ದಾಯ್‌ಹೆ ಎಂಬ ಕಡಲತೀರದಲ್ಲಿ ಆರೋಗ್ಯಧಾಮ ತೆರೆಯಿತು. 1957ರಲ್ಲಿ ಲ್ಯೂ ಅವರ ಪುಸ್ತಕ ಬಂತು. ನಿಧಾನವಾಗಿ ಉಸಿರಾಡಿ ಮೈ ಸಡಿಲಿಸಿದಾಗ ರಕ್ತಸಂಚಾರ ಬದಲಾಗಿ ಕೈಕಾಲು, ಹೊಟ್ಟೆ ಬೆಚ್ಚಗೆನಿಸುವುದು ಸಹಜ. ಇದರಲ್ಲಿ ಮಾಯವೂ ಇಲ್ಲ, ಮಾಟವೂ ಇಲ್ಲ.

ಆದರೆ ಆ ಬಿಸಿಯ ಬೆನ್ನುಹತ್ತಿ ಹೋದವರ ಬಗ್ಗೆ ಚೀನೀಯರೇ ಎಚ್ಚರಿಸಿದ್ದಾರೆ. ಬೆಂಕಿ ದಾರಿ ತಪ್ಪಿತು, ದೆವ್ವ ಹೊಕ್ಕಿತು ಎಂಬ ಅರ್ಥದ ನುಡಿಯೇ ಅವರಲ್ಲಿದೆ. ಅತಿಯಾದ ಅಭ್ಯಾಸದಿಂದ ನಿದ್ದೆಗೆಟ್ಟು, ಇಲ್ಲದ ದನಿ ಕೇಳಿ, ಬುದ್ಧಿ ಕಲಕಿದವರನ್ನು ಅಲ್ಲಿನ ಮನೋವೈದ್ಯರು ಕಂಡಿದ್ದಾರೆ. 1994ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲೂ ಇದು ದಾಖಲಾಯಿತು.

ನಮ್ಮ ಧರ್ಮಸಭೆ ಈ ವಿಷಯದಲ್ಲಿ ಮೌನವಾಗಿಲ್ಲ. 1989ರ ಅಕ್ಟೋಬರ್ 15ರಂದು, ಆವಿಲಾದ ಸಂತ ತೆರೇಸಮ್ಮನವರ ಹಬ್ಬದ ದಿನ, ಆಗ ಕಾರ್ಡಿನಲ್ ಆಗಿದ್ದ ರಾಟ್ಸಿಂಗರ್, ಮುಂದೆ ವಿಶ್ವಗುರು 16ನೇ ಬೆನೆಡಿಕ್ಟರಾದವರು, ಕ್ರೈಸ್ತ ಧ್ಯಾನವನ್ನು ಕುರಿತ ಪತ್ರಕ್ಕೆ ಸಹಿ ಹಾಕಿದರು. ಅದರಲ್ಲಿ ಬಿಸಿಯ ಮಾತು ನೇರವಾಗಿಯೇ ಬರುತ್ತದೆ. ಕೆಲವು ದೈಹಿಕ ಅಭ್ಯಾಸಗಳು ತಾವಾಗಿಯೇ ನೆಮ್ಮದಿ, ಹಿತ, ಬೆಳಕು, ಬಿಸುಪಿನ ಅನುಭವ ತರುತ್ತವೆ. ಅವನ್ನು ಪವಿತ್ರಾತ್ಮರ ಸಾಂತ್ವನವೆಂದು ಬಗೆಯುವುದು ಪೂರ್ತಿ ತಪ್ಪು ಎಂದು ಪತ್ರ ಹೇಳುತ್ತದೆ. ಬದುಕು ಒಂದು ಕಡೆ, ಅನುಭವದ ಹೆಮ್ಮೆ ಇನ್ನೊಂದು ಕಡೆ ಆದರೆ ಮನಸ್ಸು ಕೆಡಬಹುದು ಎಂದೂ ಎಚ್ಚರಿಸುತ್ತದೆ. ಹಾಗೆಂದು ಬಾಗಿಲು ಮುಚ್ಚುವುದಿಲ್ಲ. ಪೂರ್ವದೇಶಗಳ ಧ್ಯಾನಪದ್ಧತಿಗಳಲ್ಲಿ ಒಳ್ಳೆಯದಾದದ್ದು, ದೇವರ ಮುಂದೆ ಶಾಂತ ಮನಸ್ಸಿನಿಂದ ನಿಲ್ಲಲು ನೆರವಾಗಬಹುದು ಎಂದು ಒಪ್ಪುತ್ತದೆ. ನಮ್ಮ ಸಂತರಲ್ಲೂ ಬಿಸಿಯನ್ನು ಅನುಭವಿಸಿದವರಿದ್ದಾರೆ. ಸಂತ ಫಿಲಿಪ್ ನೇರಿಯವರು ಚಳಿಗಾಲದಲ್ಲೂ ಅಂಗಿಯ ಗುಂಡಿ ಬಿಚ್ಚಿಕೊಂಡು ನಡೆಯುತ್ತಿದ್ದರಂತೆ. ಆದರೆ ಅವರು ಯಾರಿಗೂ ಆ ಬಿಸಿಯನ್ನು ಕಲಿಸಲು ಶಿಬಿರ ನಡೆಸಲಿಲ್ಲ. ರೋಮಿನ ಬಡ ಯಾತ್ರಿಕರ ಕಾಲು ತೊಳೆದರು, ಪಾಪನಿವೇದನೆ ಕೇಳಿದರು.

ಹಾಗಾದರೆ ಉಸಿರಾಟದ ತರಗತಿಗೆ ಹೋಗಬಹುದೇ ಎಂದು ಕೇಳುವವರಿಗೆ ನಮ್ಮ ಉತ್ತರ: ಬೆನ್ನು ನೆಟ್ಟಗಾಗಲಿ, ನಿದ್ದೆ ಬರಲಿ ಎಂದು ಹೋಗುವುದಾದರೆ ಹೋಗಿ. ಅಲ್ಲಿ ಬೇರೆ ದೇವರ ಪೂಜೆಗೋ ಮಂತ್ರಕ್ಕೋ ಕರೆದರೆ ಬೇಡವೆನ್ನಿ. ಹೊಟ್ಟೆ ಬೆಚ್ಚಗಾದರೆ ಬೆಚ್ಚಗಾಗಲಿ, ಅದನ್ನು ಪ್ರಾರ್ಥನೆಯ ಫಲವೆಂದು ಎಣಿಸಬೇಡಿ. ಇನ್ನು ಕಲಿಸುವವರು ಸಕ್ಕರೆಯ ಮಾತ್ರೆ, ರಕ್ತದೊತ್ತಡದ ಮಾತ್ರೆ, ಹುಣ್ಣಿನ ಮಾತ್ರೆ ಬಿಟ್ಟುಬಿಡಿ, ಒಳಗಿನ ಬಿಸಿಯೇ ಎಲ್ಲವನ್ನೂ ವಾಸಿಮಾಡುತ್ತದೆ ಎಂದರೆ ಅಂದೇ ಚಾಪೆ ಸುತ್ತಿಕೊಂಡು ಮನೆಗೆ ಬನ್ನಿ.